ಮುಖದ ಚೌಕ

“ಇವತ್ತು ತಾರೀಖು ಎಷ್ಟ್ರಿ ಮೇಡಂ?”

ಹನ್ನೊಂದು ವರ್ಷ, ದಿನಾ ಬೆಳಿಗ್ಗೆ ಒಂಬತ್ತಕ್ಕೆ ಐದು ನಿಮಿಷ ಇರುವಾಗ ನನ್ನ ಆಫೀಸಿನ ಬಾಗಿಲಲ್ಲಿ ನಿಂತು ಈ ಒಂದೇ ಪ್ರಶ್ನೆ ಕೇಳಿ ತಲೆ ತಿಂದ ಮನುಷ್ಯ ಹೋದ ತಿಂಗಳು ತೀರಿಕೊಂಡರು. ಕೈಯಲ್ಲಿ ಮೊಬೈಲು, ಅಂಗಿಯ ಜೇಬಿನಲ್ಲಿ ಡೈರಿ, ಮಹಡಿಯ ಮೇಲಿನ ಅವರದೇ ಕೋಣೆಯ ಗೋಡೆಗೆ ಮೂರು ಕ್ಯಾಲೆಂಡರು. ಆದರೂ ತಾರೀಖು ನನ್ನನ್ನೇ ಕೇಳಬೇಕು. ಮೊದಮೊದಲು ಹೇಳುತ್ತಿದ್ದೆ. ಆಮೇಲೆ ಬೇಜಾರಾಗಿ ಗೋಡೆಯ ಕಡೆ ಬೆರಳು ತೋರಿಸತೊಡಗಿದೆ. “ಅಷ್ಟು ದೂರದ್ದು ಕಾಣಂಗಿಲ್ರಿ, ಬಾಯ್ಲೆ ಹೇಳಿಬಿಡ್ರಿ” ಎನ್ನುತ್ತಿದ್ದರು. ಶೇರು ಪೇಟೆಯ ಪರದೆಯ ಮೇಲೆ ಇರುವೆಯಷ್ಟು ಸಣ್ಣ ಅಂಕಿಗಳನ್ನು ಓದುವ ಕಣ್ಣು ಅದು! ನಾನು ತಲೆಯೆತ್ತಿ ಹೇಳುವ ತನಕ ಅಲ್ಲಾಡುತ್ತಿರಲಿಲ್ಲ. ಹೇಳಿದೊಡನೆ “ಭಾಳ ಉಪಕಾರ ಆತ್ರಿ” ಎಂದು ಮೆಟ್ಟಿಲು ಹತ್ತಿ ಹೋಗುತ್ತಿದ್ದರು.

ನಾನು ಕಂಪನಿ ಸೆಕ್ರೆಟರಿ. ಸಂಡೂರಿನ ಗಣಿ ಕಂಪನಿಗಳ, ಕಂಪ್ಲಿಯ ಅಕ್ಕಿ ಗಿರಣಿಗಳ ಕಾಗದಪತ್ರ ನೋಡುವುದು, ಸರ್ಕಾರದ ನೋಟೀಸುಗಳಿಗೆ ಉತ್ತರ ಬರೆಯುವುದು ನನ್ನ ಕಸುಬು. ಹೊಸಪೇಟೆಯ ಬಜಾರಿನ ಒಂದು ಓಣಿಯಲ್ಲಿ ಕೆಳಗೆ ನನ್ನ ಆಫೀಸು, ಮೇಲೆ ಅವರ ಶೇರು ಅಂಗಡಿ. ಅವರೇನು ದೊಡ್ಡ ಕುಳವಲ್ಲ. ದೂರದ ಮಹಾನಗರದ ಬ್ರೋಕರ್ ಸಂಸ್ಥೆಯೊಂದರ ಪರವಾಗಿ ಈ ಊರಲ್ಲಿ ಜನರ ಶೇರು ಕೊಂಡು ಮಾರಿಕೊಡುವವರು. ಎರಡು ಕಂಪ್ಯೂಟರು, ನಾಲ್ಕು ಕುರ್ಚಿ, ಬಾಗಿಲ ಹೊರಗೆ ಒಂದು ಬೆಂಚು. ಬೀದಿಗೆ ಕಾಣುವಂತೆ ಹಸಿರು ಅಕ್ಷರದ ಒಂದು ಬೋರ್ಡು. ಆ ಬೋರ್ಡನ್ನು ಪ್ರತಿ ದಸರೆಗೆ ತಾವೇ ಏಣಿ ಹತ್ತಿ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಅದಿರಿನ ಕೆಂಪು ದೂಳು ಕೂತು ಹಸಿರು ಕಂದಾಗಿರುತ್ತಿತ್ತು.

ಊರಿಗೆ ಅವರ ಹೆಸರಿಗಿಂತ ಹೆಚ್ಚು ಗೊತ್ತಿದ್ದದ್ದು ಅವರ ಕೊಡೆ. ಮಳೆ ಇರಲಿ ಬಿಡಲಿ, ಬಿಸಿಲು ಇರಲಿ ಬಿಡಲಿ, ಮನೆಯಿಂದ ಅಂಗಡಿಗೆ ಬರುವಾಗ ಕೊಡೆ ಬಿಚ್ಚಿ, ಅದನ್ನು ಹುಬ್ಬಿನ ತನಕ ಇಳಿಸಿಕೊಂಡು, ನೆಲ ನೋಡುತ್ತ ಬರುವರು. ಎರಡು ಸಲ ಎಮ್ಮೆಗೆ ಗುದ್ದಿದ್ದಾರೆ. ಒಮ್ಮೆ ಹೂವಿನ ಗಾಡಿಗೆ ಗುದ್ದಿ ಒಂದು ಮಾರು ಸೇವಂತಿಗೆ ಕೊಡೆಗೆ ಸುತ್ತಿಕೊಂಡೇ ಬಂದಿದ್ದರು. ನಮಸ್ಕಾರ ಎಂದವರಿಗೆ ಕೊಡೆಯೇ ನಮಸ್ಕಾರ ಹೇಳಬೇಕು, ಮುಖ ಎತ್ತುತ್ತಿರಲಿಲ್ಲ. ಸೊಕ್ಕು ಎನ್ನುವವರು ಸೊಕ್ಕು ಎಂದರು, ಬೆನ್ನು ನೋವಿರಬೇಕು ಎನ್ನುವವರು ಹಾಗೆಂದರು. ನಾನು ಮರುಳು ಅಂದುಕೊಂಡಿದ್ದೆ.

ಕೆಲಸದಲ್ಲಿ ಮಾತ್ರ ಮರುಳಿರಲಿಲ್ಲ. ಭಾನುವಾರ ಬಸ್ಸು ಹತ್ತಿ ದೋಣಿಮಲೈ ಗಣಿ ನೌಕರರ ಕ್ವಾರ್ಟರ್ಸಿಗೆ ಹೋಗಿ ಗಿರಾಕಿಗಳ ಮನೆಯಲ್ಲಿ ಕೂತು, ಶೇರು ಎಂದರೇನು ಎಂದು ಹೇಳಿ ಬರುತ್ತಿದ್ದರು. ಒಬ್ಬ ಗುಮಾಸ್ತರು ಮಗಳ ಮದುವೆಗೆಂದು ಇಟ್ಟದ್ದನ್ನು ಪೇಟೆಗೆ ಹಾಕಲು ಫಾರ್ಮು ತುಂಬಿಟ್ಟು ಕಾದಿದ್ದರಂತೆ. ಇವರು ಫಾರ್ಮನ್ನು ನಾಲ್ಕು ಮಡಿಕೆ ಮಾಡಿ ಅವರ ಜೇಬಿಗೇ ಇಟ್ಟು, “ಹಂಗ ಹಾಕೋದಾದ್ರ ಮದುವಿ ಊಟಕ್ಕ ನನ್ನ ಕರೀಬ್ಯಾಡ್ರಿ” ಎಂದು ಬಂದ ಬಸ್ಸಿಗೇ ಹಿಂದಿರುಗಿದ್ದರು. ಕಂಪ್ಲಿಯ ಗಿರಣಿ ಮಾಲೀಕರೊಬ್ಬರು ಒಮ್ಮೆ ಮೆಟ್ಟಿಲು ಹತ್ತುತ್ತಲೇ, “ಒಂದು ಕಂಪನಿ ಒಳಗಿನ ಸುದ್ದಿ ತಂದೀನಿ, ಜಲ್ದಿ ಬಾಗ್ಲಾ ಹಾಕ್ರಿ” ಎಂದರು. “ಒಳಗಿನ ಸುದ್ದಿ ತಂದೋರು ಹೊರಗ ಕುಂದ್ರಿ” ಎಂದು ಇವರು ಅವರನ್ನು ಬೆಂಚಿನ ಮೇಲೆ ಕೂರಿಸಿ ಮಿರ್ಚಿ, ಚಹಾ ತರಿಸಿಕೊಟ್ಟರು. “ಸುದ್ದಿ ಮರತ ಮ್ಯಾಲೆ ಒಳಗ ಬರ್ರಿ.” ಆ ಮಾಲೀಕರು ಇದನ್ನು ಊರೆಲ್ಲ ಹೇಳಿಕೊಂಡು ನಕ್ಕರು. ಇಂಥ ಮನುಷ್ಯನ ಮೇಲೆಯೇ ಒಳಗಿನ ಸುದ್ದಿಯ ಕೇಸು ಬೀಳಬೇಕೇ?

ಲೆಕ್ಕದ ಕಂಪ್ಯೂಟರು ಇದ್ದರೂ ಅವರಿಗೆ ಉದ್ದನೆಯ ನೋಟ್‌ಬುಕ್ಕು ಬೇಕು. ದಿನಕ್ಕೊಂದು ಪುಟ. ಯಾರಿಗಾಗಿ ಏನು ಕೊಂಡೆ, ಏನು ಮಾರಿದೆ, ಎಲ್ಲ ಮಸಿಪೆನ್ನಿನಲ್ಲಿ. ಒಮ್ಮೆ ಅವರು ತಂದ ಅರ್ಜಿಯಲ್ಲಿ ಒಂದು ಅಂಕಿಯನ್ನು ಗೀಚಿ ಅದರ ಮೇಲೆಯೇ ಇನ್ನೊಂದು ಬರೆದದ್ದು ಕಂಡು ಚೆನ್ನಾಗಿ ಬೈದೆ. “ತಪ್ಪಾದರೆ ಒಂದೇ ಗೆರೆಯ ಕಾಟು ಹಾಕಿ. ಹಳೆಯದು ಓದುವಂತಿರಬೇಕು. ಪಕ್ಕದಲ್ಲಿ ಸಹಿ, ತಾರೀಖು. ಇಲ್ಲದಿದ್ದರೆ ಅದು ದಾಖಲೆಯಲ್ಲ, ಕಳ್ಳತನ” ಎಂದೆ. ಅವರು ಕಿವಿ ಹಿಡಿದುಕೊಂಡು, “ನನ್ನ ಪುಸ್ತಕದಾಗ ಕಾಟೇ ಬರಂಗಿಲ್ರಿ. ಬಂದ್ರ ನೀವ್ ಹೇಳ್ದಂಗ” ಎಂದರು.

ನಮ್ಮ ಓಣಿಯ ಬಗ್ಗೆಯೂ ಒಂದು ಮಾತು ಹೇಳಬೇಕು, ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಗಂಡ ತೀರಿಕೊಂಡ ಆರು ತಿಂಗಳಿಗೆ ನಾನಿಲ್ಲಿ ಆಫೀಸು ತೆರೆದೆ. ಬರಿಯ ಹಣೆಯ ಹೆಂಗಸು ಬೆಳ್ಳಂಬೆಳಿಗ್ಗೆ ಬೀಗದ ಕೈ ಹಿಡಿದು ಬಂದರೆ ಓಣಿಯ ವ್ಯಾಪಾರಿಗಳು ತಟ್ಟನೆ ಬೆನ್ನು ತಿರುಗಿಸಿ ಕಪಾಟು ಜೋಡಿಸತೊಡಗುತ್ತಿದ್ದರು. ಒಂದು ದಿನ ನನ್ನ ಬಾಗಿಲಿನ ಚಿಲಕ ಸಿಕ್ಕಿಕೊಂಡಿತ್ತು. ಎದುರಿನ ಬಟ್ಟೆ ಅಂಗಡಿಗೆ ಹೋಗಿ ಸುತ್ತಿಗೆ ಇದೆಯೇ ಎಂದು ಕೇಳಿದೆ. ಮಾಲೀಕರು ಕೈಯಲ್ಲಿದ್ದ ಊದುಬತ್ತಿಯನ್ನು ಎಸೆದರು. “ಇನ್ನೂ ಬೋಣಿ ಆಗಿಲ್ರಿ, ಎದುರಿಗೆ ಬಂದು ನಿಂತ್ರಲ್ರಿ! ಈ ಮುಖ ಮೊದಲ ನೋಡಿದವ ಉದ್ಧಾರ ಆದಂಗ!” ಎಂದು ಇಡೀ ಓಣಿಗೆ ಕೇಳುವಂತೆ ಕೂಗಾಡಿದರು. ತಲೆ ಎತ್ತಿದರೆ ಮಹಡಿಯ ಕಟಕಟೆಗೆ ಒರಗಿ ಇವರು ನೋಡುತ್ತಿದ್ದರು. ತುಟಿ ಪಿಟ್ಟೆನ್ನಲಿಲ್ಲ. ಬಟ್ಟೆ ಅಂಗಡಿಯವರ ಮೇಲಿನದಕ್ಕಿಂತ ಇವರ ಮೇಲೆ ನನಗೆ ಹೆಚ್ಚು ಸಿಟ್ಟು ಬಂತು. ಓದಿದವರು, ತಿಳಿದವರು, ಒಂದು ಮಾತು ಆಡಬಾರದೇ? ಮರುದಿನ ಬೆಳಿಗ್ಗೆ ಏನೂ ಆಗಿಲ್ಲವೆನ್ನುವಂತೆ ಕೊಡೆ ಮಡಚಿ ನನ್ನ ಬಾಗಿಲಲ್ಲಿ ನಿಂತು ಕೇಳಿದ್ದರು: “ಇವತ್ತು ತಾರೀಖು ಎಷ್ಟ್ರಿ ಮೇಡಂ?”

ಇನ್ನು ಕೇಸಿನ ವಿಷಯ. ಸಂಡೂರಿನ ಗುಡ್ಡದಲ್ಲಿ ಒಂದು ಕಂಪನಿಯ ಗಣಿ ವರ್ಷಗಟ್ಟಲೆ ಮುಚ್ಚಿತ್ತು. ಅದರ ಶೇರು ಯಾರಿಗೂ ಬೇಡವಾಗಿ ಬಿದ್ದಿತ್ತು. ಇವರಿಗೆ ಸಂಜೆ ಬಸ್‌ಸ್ಟ್ಯಾಂಡಿನ ಹತ್ತಿರದ ತಾಡಪತ್ರಿ ಅಂಗಡಿಯಲ್ಲಿ ಕೂತು ಹರಟುವ ಚಟ. ಅದಿರಿನ ಲಾರಿಗೆ ಹೊದಿಸುವ ತಾಡಪತ್ರಿ ಹೊಲಿಯುವ ಅಂಗಡಿ ಅದು. ವರ್ಷಗಳಿಂದ ಶೆಡ್ಡಿನಲ್ಲಿ ನಿಂತಿದ್ದ ಲಾರಿಗಳ ಮಾಲೀಕರೆಲ್ಲ ಒಂದೇ ವಾರ ಹೊಸ ತಾಡಪತ್ರಿ ಹೊಲಿಸಲು ಬಂದರು. ಎಲ್ಲರೂ ಸಂಡೂರು ಕಡೆಯವರು. ಗಣಿ ತೆರೆಯುವ ಸೂಚನೆ ಇದೆ ಎಂದು ಇವರಿಗೆ ಹೊಳೆಯಿತು. ನಾಲ್ಕು ದಿನ, ದಿನಕ್ಕಿಷ್ಟು ಎಂದು, ತಮಗೂ ಒಪ್ಪಿದ ಕೆಲವು ಗಿರಾಕಿಗಳಿಗೂ ಆ ಶೇರು ಕೊಂಡರು. ಗಿರಾಕಿಗಳಲ್ಲಿ ಹಂಪಿಯ ಒಬ್ಬ ಅರ್ಚಕರೂ ಇದ್ದರು. ಮುಂದಿನ ವಾರ ಕಂಪನಿ ಗಣಿ ಮತ್ತೆ ತೆರೆಯುವ ಸುದ್ದಿ ಪ್ರಕಟಿಸಿತು. ಶೇರು ಎದ್ದಿತು. ಎಲ್ಲರಿಗೂ ನಾಲ್ಕು ಕಾಸು ಸಿಕ್ಕಿತು, ಅರ್ಚಕರು ಇವರಿಗೆ ಪ್ರಸಾದ ತಂದುಕೊಟ್ಟರು.

ವರ್ಷದ ಮೇಲೆ ಶೇರು ಪೇಟೆಯ ನಿಯಂತ್ರಣ ಮಂಡಳಿಯಿಂದ ಪತ್ರ ಬಂತು. ಪ್ರಕಟವಾಗದ ಸುದ್ದಿಯನ್ನು ಒಳಗಿನವರಿಂದ ತಿಳಿದು ವ್ಯಾಪಾರ ಮಾಡಿದ್ದೀರಿ ಎಂಬ ಅನುಮಾನವಿದೆ, ಆ ನಾಲ್ಕು ದಿನಗಳ ಎಲ್ಲ ದಾಖಲೆ ಕಳಿಸಿ ಎಂದು. ಈ ಮಹಾಶಯರು ನನಗೆ ಒಂದು ಮಾತು ಹೇಳದೆ ತಮ್ಮ ನೋಟ್‌ಬುಕ್ಕಿನ ನಾಲ್ಕು ಪುಟ ಜೆರಾಕ್ಸ್ ಮಾಡಿಸಿ ಅಂಚೆಗೆ ಹಾಕಿಬಿಟ್ಟರು! ಎರಡನೆಯ ಪತ್ರ, ಕೆಂಪು ಸೀಲಿನದು, ಬಂದಾಗ ನನ್ನ ಮೇಜಿನ ಮೇಲೆ ತಂದಿಟ್ಟರು.

“ನೀವೇ ಹೇಳಿದ್ರಲ್ರಿ, ಕೇಳಿದ್ದು ಕೊಡಬೇಕು, ಕೇಳದ್ದು ಕೊಡಬಾರದು ಅಂತ.”

“ಕೊಡುವ ಮೊದಲು ನನಗೆ ತೋರಿಸಬೇಕು ಎಂದೂ ಹೇಳಿದ್ದೆ.”

“ಅದು ಮರತೆ ನೋಡ್ರಿ.”

ಜೆರಾಕ್ಸ್ ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಪ್ರತಿ ಪುಟದ ಮೇಲ್ಭಾಗದಲ್ಲಿ, ಬಲಕ್ಕೆ, ಒಂದು ಸಣ್ಣ ಚೌಕ. ನಾಲ್ಕೂ ಚೌಕಗಳಲ್ಲಿ ಒಂದೇ ಹೆಸರು. ಅದೇ ಗಣಿ ಕಂಪನಿಯ ಹಣಕಾಸು ಅಧಿಕಾರಿಯ ಹೆಸರು! ಮಂಡಳಿಯವರು ಕೇಳಿದ್ದೂ ಅದನ್ನೇ. ಕಂಪನಿಯ ಗುಟ್ಟು ತಿಳಿದ ಮನುಷ್ಯನ ಹೆಸರು ನೀವು ಶೇರು ಕೊಂಡ ನಾಲ್ಕೂ ದಿನ ನಿಮ್ಮ ಪುಸ್ತಕದಲ್ಲಿ ಯಾಕಿದೆ?

“ಯಾಕಿದೆ?” ಎಂದು ನಾನೂ ಕೇಳಿದೆ.

“ಅದು ಮುಖ ಅದರಿ.”

“ಏನು ಮುಖ?”

“ಮುಂಜಾನಿ ಮೊದಲ ನೋಡಿದ ಮುಖ. ಏನಾರ ಆದ್ರ, ಇವತ್ತು ಯಾರ ಮುಖ ನೋಡಿ ಎದ್ನೋ ಅಂತೀವಲ್ರಿ. ಅದನ್ನ ಬರದಿಡ್ತೀನಿ. ಕೆಳಗ ಲಾಭ ಆತೋ ಲುಕ್ಸಾನ ಆತೋ ಬರೀತೀನಿ.”

ನಾನು ಪೆನ್ನು ಕೆಳಗಿಟ್ಟೆ. ನಿಯಂತ್ರಣ ಮಂಡಳಿಗೆ, ಕಾನೂನು ಓದಿದ ಅಧಿಕಾರಿಗಳಿಗೆ, ನಾನು ಇದನ್ನು ಬರೆಯಬೇಕು! ಮನೆಯಲ್ಲಿ ಹೆಂಡತಿಯ ಮುಖ ಕಾಣುವುದಿಲ್ಲವೇ ಎಂದೆ. “ಮನಿ ಮುಖ ಲೆಕ್ಕಕ್ಕ ಬರಂಗಿಲ್ರಿ. ಚಪ್ಪಲಿ ಮೆಟ್ಟಿದ ಮ್ಯಾಲಿನ ಮುಖ” ಎಂದರು, ಅದೂ ಯಾವುದೋ ನಿಯಮಾವಳಿಯ ಕಲಮು ಹೇಳುವ ಗಂಭೀರತೆಯಲ್ಲಿ. ಕೊಡೆಯ ಗುಟ್ಟು ಆಗ ತಿಳಿಯಿತು. ದಾರಿಯಲ್ಲಿ ಕಂಡಕಂಡ ಮುಖ ಬೀಳದಿರಲಿ ಎಂದು ಈ ವೇಷ. ಆ ನಾಲ್ಕು ದಿನ ಸ್ಟಾಫ್ ಬಸ್ಸಿನ ಸ್ಟಾಪಿನಲ್ಲಿ ಕೊಡೆ ಎತ್ತಿದರಂತೆ, ಸಂಡೂರಿನ ಕಚೇರಿಗೆ ಹೊರಟು ನಿಂತಿದ್ದ ಆ ಅಧಿಕಾರಿಯ ಮುಖ ಕಂಡಿತಂತೆ. ಮಾತಾಡಿದಿರಾ ಎಂದರೆ ಇಲ್ಲ. ಅವರಿಗೆ ನಿಮ್ಮ ಪರಿಚಯ ಇದೆಯೇ ಎಂದರೆ ಇಲ್ಲ. ಹೆಸರು ಹೇಗೆ ಗೊತ್ತು ಎಂದರೆ, ಕಂಪನಿಯ ವಾರ್ಷಿಕ ವರದಿಯಲ್ಲಿ ಫೋಟೊ ನೋಡಿದ್ದರಂತೆ.

ನನಗೆ ನಗು ಬರಲಿಲ್ಲ, ಮೈ ಉರಿಯಿತು. ಬಟ್ಟೆ ಅಂಗಡಿಯ ಊದುಬತ್ತಿ ನೆನಪಾಯಿತು. “ಅಂದರೆ ನೀವೂ ಅದೇ ಗಿರಾಕಿ! ಮುಖದಿಂದ ಒಳ್ಳೆಯದು ಕೆಟ್ಟದ್ದು ಆಗುತ್ತದೆ ಎನ್ನುವವರು. ಹೇಳಿ, ನಿಮ್ಮ ನಷ್ಟಗಳಲ್ಲಿ ನನ್ನ ಪಾಲು ಎಷ್ಟು?” ಎಂದೆ.

ಅವರು ಕೊಡೆಯ ಹಿಡಿಕೆಯನ್ನು ತಿರುಗಿಸಿದರು. “ಲುಕ್ಸಾನಿನ ದಿನ ನಿಮ್ಮ ಹೆಸರು ಒಂದೂ ಇಲ್ರಿ. ದೇವ್ರಾಣಿ” ಎಂದರು.

ಇರಲಿ, ಕೆಲಸ ನೋಡಬೇಕಲ್ಲ. ದಾರಿ ಸುಲಭವಾಗಿಯೇ ಇತ್ತು. ತಾಡಪತ್ರಿ ಅಂಗಡಿಯವರು ನಡೆದದ್ದನ್ನು ನಡೆದಂತೆ ಬರೆದು ಸಹಿ ಹಾಕಿಕೊಟ್ಟರು. ಇನ್ನು ಉಳಿದದ್ದು ಚೌಕ. ಉಳಿದ ನೋಟ್‌ಬುಕ್ಕುಗಳನ್ನು ಮಂಡಳಿಯ ಮುಂದಿಟ್ಟರೆ ಮುಗಿಯಿತು. ವರ್ಷಾನುಗಟ್ಟಲೆ ಪ್ರತಿ ಪುಟದಲ್ಲೂ ಯಾರದೋ ಮುಖ ಇರುತ್ತದೆ. ಇದೊಂದು ಹಳ್ಳಿಗಾಡಿನ ಹುಚ್ಚು ಎಂದು ನಕ್ಕು ಫೈಲು ಮುಚ್ಚುತ್ತಾರೆ. ಎರಡನೆಯ ಪತ್ರದಲ್ಲಿ ಅವರೇ ಎಲ್ಲ ಪುಸ್ತಕಗಳನ್ನೂ ಕೇಳಿದ್ದರು.

“ಪುಸ್ತಕ ಬ್ಯಾಡ್ರಿ ಮೇಡಂ.”

“ಬೇಡ ಎಂದರೆ?”

“ಅವು ಬ್ಯಾಡ್ರಿ.”

“ಕೊಡದಿದ್ದರೆ ಅದೇ ಒಂದು ಅಪರಾಧ. ನಿಮ್ಮ ಬೋರ್ಡು ಇಳಿಯುತ್ತದೆ. ಒಳಗಿನ ಸುದ್ದಿಯಿಂದ ತಿಂದವನು ಎಂದು ಊರು ಆಡಿಕೊಳ್ಳುತ್ತದೆ. ತಿಳಿಯುತ್ತಿದೆಯೇ?”

“ತಿಳೀತೈತ್ರಿ.”

“ಕಳೆದುಹೋಗಿವೆಯೇ?”

“ಇಲ್ಲ ಬಿಡ್ರಿ, ಸುಳ್ಳು ಯಾಕ ಹೇಳ್ಲಿ? ಅದಾವು.”

ಒಂದು ತಿಂಗಳು ಬೇಡಿದೆ, ಬೈದೆ, ಕೇಸು ಬಿಡುತ್ತೇನೆ ಎಂದು ಹೆದರಿಸಿದೆ. ಬೆಳಿಗ್ಗೆ ಬಾಗಿಲಲ್ಲಿ ನಿಂತು ತಾರೀಖು ಕೇಳಿದರೆ, “ವಿಚಾರಣೆಗೆ ಇನ್ನು ಒಂಬತ್ತು ದಿನ ಇರುವ ತಾರೀಖು” ಎಂದು ಚುಚ್ಚಿದೆ. “ತಾರೀಖಷ್ಟೇ ಹೇಳ್ರಿ” ಎಂದು ವಿನಯದಿಂದ ಕೇಳಿದರು. ಗೋಡೆಗೆ ತಲೆ ಚಚ್ಚಿಕೊಳ್ಳುವುದು ಎಂದರೆ ಏನೆಂದು ಆ ತಿಂಗಳು ಕಲಿತೆ.

ವಿಚಾರಣೆ ನಡೆದದ್ದು ವಿಡಿಯೊದಲ್ಲಿ, ನನ್ನ ಆಫೀಸಿನಿಂದಲೇ. ಅವರು ಕಾಲರಿನ ಗುಂಡಿಯನ್ನೂ ಹಾಕಿಕೊಂಡು ಬಂದು, ಪರದೆಯಲ್ಲಿ ಮಂಡಳಿಯ ಅಧಿಕಾರಿ ಕಾಣಿಸುವ ಮೊದಲೇ ಎದ್ದು ನಿಂತು ಕೈಮುಗಿದರು. ಅಧಿಕಾರಿಯ ಹಿಂದಿಯನ್ನು ನಾನು ಕನ್ನಡಕ್ಕೆ, ಇವರ ಮಾತನ್ನು ಹಿಂದಿಗೆ ಮಾಡುತ್ತಿದ್ದೆ. ಅಧಿಕಾರಿ ಒಳ್ಳೆಯವರೇ. ತಾಡಪತ್ರಿಯ ಮಾತು ಒಪ್ಪುವಂತಿದೆ ಎಂದರು. ಆ ಹಣಕಾಸು ಅಧಿಕಾರಿಯ ಫೋನು, ಬ್ಯಾಂಕು ಎಲ್ಲ ನೋಡಿದ್ದೇವೆ, ನಿಮಗೂ ಅವರಿಗೂ ಸಂಪರ್ಕ ಕಂಡಿಲ್ಲ ಎಂದರು. ಮೊದಲು ನೋಡಿದ ಮುಖ ಎಂಬ ಮಾತನ್ನೂ ತಾಳ್ಮೆಯಿಂದ ಕೇಳಿ, “ಸರಿ, ಆ ನಾಲ್ಕೂ ದಿನ ಅದೇ ಬಸ್ ಸ್ಟಾಪಿಗೆ ಯಾಕೆ ಹೋದಿರಿ?” ಎಂದು ಕೇಳಿದರು.

“ನಾನು ದಿನಾ ನೋಡೋ ಮುಖ ಆ ನಾಕು ದಿನ ಊರಾಗ ಇದ್ದಿದ್ದಿಲ್ರಿ.”

ನಾನು ಬೆರಗಾಗಿ ಇವರತ್ತ ನೋಡಿದೆ. ಇದು ನನಗೂ ಹೊಸ ಸುದ್ದಿ. ಹಿಂದಿಗೆ ಮಾಡಿ ಹೇಳಿದೆ.

“ದಿನಾ ನೋಡುವ ಮುಖ ಯಾರದು?”

ಇವರು ಮೇಜಿನ ಮೇಲಿನ ಪೇಪರ್‌ವೇಟು ನೋಡುತ್ತ ಕೂತರು. ಅಧಿಕಾರಿ ಮತ್ತೆ ಕೇಳಿದರು. ನಾನು ಮೇಜಿನ ಕೆಳಗೆ ಅವರ ಕಾಲು ತುಳಿದೆ. “ಅದೊಂದು ಬಿಟ್ಟು ಬ್ಯಾರೆ ಏನರ ಕೇಳಂತ ಹೇಳ್ರಿ” ಎಂದರು.

ಅಂದು ನನಗೆ ಒಂದು ವಿಷಯ ಖಚಿತವಾಯಿತು. ಈ ಮನುಷ್ಯನಿಗೆ ಎಲ್ಲೋ ಇನ್ನೊಂದು ಸಂಸಾರವಿದೆ! ದಿನಾ ಬೆಳಿಗ್ಗೆ ಕೊಡೆ ಮರೆಯಲ್ಲಿ ಯಾವಳದೋ ಬಾಗಿಲಿಗೆ ಹೋಗಿ ಬರುತ್ತಾರೆ, ಪುಸ್ತಕ ತೆರೆದರೆ ಅವಳ ಹೆಸರು ಹೊರಬೀಳುತ್ತದೆ. ಅದಕ್ಕೇ ಈ ಮೌನ. ಅವರ ಹೆಂಡತಿ ಸಂಕ್ರಾಂತಿಗೆ ಎಳ್ಳು ಬೆಲ್ಲ ಕಳಿಸುವ ಸಾಧ್ವಿ. ಅವರನ್ನು ನೆನೆದು ನನಗೆ ಅಸಹ್ಯವಾಯಿತು. ಅಲ್ಲಿಂದ ಮುಂದೆ ಬೇಕಾದಷ್ಟೇ ಮಾತಾಡಿದೆ.

ಆದೇಶ ಬಂತು. ಒಳಗಿನ ಸುದ್ದಿಯ ಆರೋಪ ಸಾಬೀತಾಗಿಲ್ಲ ಎಂದಿತ್ತು. ಓದಿ ಒಂದು ಗಳಿಗೆ ಖುಷಿಪಟ್ಟೆ. ಮುಂದಿನ ಪುಟದಲ್ಲಿತ್ತು ಪೆಟ್ಟು. ಕೇಳಿದ ಪುಸ್ತಕಗಳನ್ನು ತನಿಖೆಗೆ ಒಪ್ಪಿಸದಿದ್ದದ್ದಕ್ಕೆ ನೋಂದಣಿ ರದ್ದು, ಎರಡು ವರ್ಷ ಪೇಟೆಯಿಂದ ದೂರ. ಮಾಡದ ತಪ್ಪಿನಿಂದ ಪಾರಾಗಿ, ಮಾಡಬೇಕಾಗಿಲ್ಲದ ತಪ್ಪಿಗೆ ಸಿಕ್ಕಿಬಿದ್ದ ಇಂಥ ಕಕ್ಷಿದಾರನನ್ನು ನಾನು ಹಿಂದೆ ಕಂಡಿರಲಿಲ್ಲ. ಮೇಲ್ಮನವಿ ಹಾಕೋಣ, ಈಗಲಾದರೂ ಪುಸ್ತಕ ಕೊಡಿ ಎಂದೆ. “ಸಾಕ್ರಿ. ನಿಮಗ ಭಾಳ ತ್ರಾಸು ಕೊಟ್ಟೆ” ಎಂದು ತಾವೇ ಏಣಿ ತಂದು ಬೋರ್ಡು ಇಳಿಸಿದರು. ಇಳಿಸುವ ಮೊದಲು ಒದ್ದೆ ಬಟ್ಟೆಯಿಂದ ಒರೆಸಿದರು.

ಊರಿಗೆ ಮೊದಲ ಪುಟವೂ ಗೊತ್ತಿಲ್ಲ, ಎರಡನೆಯ ಪುಟವೂ ಗೊತ್ತಿಲ್ಲ. ಗೊತ್ತಿದ್ದದ್ದು ಬೋರ್ಡು ಇಳಿದದ್ದು. ದೋಣಿಮಲೈ ಗಿರಾಕಿಗಳು ದಾರಿಯಲ್ಲಿ ಕಂಡರೆ ಬಸ್ಸಿನ ಕಡೆ ತಿರುಗತೊಡಗಿದರು. ಬಟ್ಟೆ ಅಂಗಡಿಯವರು ನಾನು ಬೀಗ ತೆಗೆಯುವಾಗಲೇ ಪಕ್ಕದವರಿಗೆ ಹೇಳಿದ್ದನ್ನು ಈ ಕಿವಿಯಿಂದ ಕೇಳಿದ್ದೇನೆ: “ನಾ ಅವತ್ತೇ ಹೇಳಿದ್ನಿಲ್ಲೋ? ದಿನಾ ಮುಂಜಾನೆದ್ದು ಆ ಬಾಗಲ್ದಾಗ ನಿಂತ್ರ ಇನ್ನೇನ್ ಆಕ್ಕೈತಿ?” ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಅಷ್ಟು ವರ್ಷದ ಮೇಲೂ ಆ ಮಾತಿಗೆ ಅಳು ಬಂತಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ಒಂಬತ್ತಕ್ಕೆ ಐದು ನಿಮಿಷ ಇರುವಾಗ ಬಾಗಿಲು ತಟ್ಟಿದ ಸದ್ದು. ಕೊಡೆ ಮಡಚಿ ನಿಂತಿದ್ದರು.

“ಇವತ್ತು ತಾರೀಖು ಎಷ್ಟ್ರಿ ಮೇಡಂ?”

“ನಿಮಗೆ ಪೇಟೆಯೇ ಇಲ್ಲ, ಅಂಗಡಿಯೇ ಇಲ್ಲ, ಇನ್ನು ತಾರೀಖು ಕಟ್ಟಿಕೊಂಡು ಏನು ಮಾಡುತ್ತೀರಿ?” ಎಂದು ಕಿರುಚಿದೆ. ಅತ್ತ ಕಣ್ಣು ಅವರಿಗೆ ಕಂಡಿರಬೇಕು.

“ಹವ್ಯಾಸ ಆಗೇತ್ರಿ” ಎಂದರು. ಹೇಳಿದೆ. ಮೇಲೆ ಹೋಗಲು ಅಂಗಡಿ ಇಲ್ಲವಾದ್ದರಿಂದ ಹಾಗೆಯೇ ತಿರುಗಿ ಮನೆಗೆ ಹೋದರು. ಅದನ್ನೂ ಸಾಯುವ ಮುಂಚಿನ ದಿನದವರೆಗೆ ತಪ್ಪಿಸಲಿಲ್ಲ.

ಹದಿನೈದು ದಿನದ ಹಿಂದೆ ಅವರ ಹೆಂಡತಿ ನನ್ನ ಆಫೀಸಿಗೆ ಬಂದರು. ಆಟೊದವನು ತಾಡಪತ್ರಿಯಲ್ಲಿ ಹೊಲಿದ ಎರಡು ದೊಡ್ಡ ಚೀಲ ಇಳಿಸಿ ಹೋದ. ಆಕೆಯ ಹಣೆಯೂ ಈಗ ಬರಿದು. ಕುರ್ಚಿ ಎಳೆದು ಕೂರಿಸಿ ನೀರು ಕೊಟ್ಟೆ.

“ಇವು ಆ ಪುಸ್ತಕ ನೋಡ್ರಿ. ನಾ ಹೋದ ಮ್ಯಾಲೆ ಮೇಡಂಗೆ ಕೊಡು, ಸುಡೋದಾದ್ರೂ ಅವ್ರೇ ಸುಡ್ಲಿ ಅಂದಿದ್ರು.”

“ಆಗ ಕೊಟ್ಟಿದ್ದರೆ ಅಂಗಡಿ ಉಳಿಯುತ್ತಿತ್ತು” ಎಂದೆ. ಸಿಟ್ಟು ಇನ್ನೂ ಆರಿರಲಿಲ್ಲ.

“ನಾನೂ ಅದನ್ನ ಅಂದೆ. ‘ಮೇಡಂ ಹೆಸರು ಆ ಆದೇಶದಾಗ ಅಚ್ಚಾಗ್ತೈತಲೇ. ದಿನಾ ಮುಂಜಾನಿ ಗಂಡಸೊಬ್ಬ ಗಂಡಿಲ್ಲದಾಕಿ ಮುಖ ನೋಡಾಕ ಹೋಗ್ತಿದ್ದ ಅಂತ ಎಲ್ಲಾರೂ ಓದ್ತಾರ. ಹೊಸಪ್ಯಾಟಿ ಬಾಯಿ ನಿನಗ ಗೊತ್ತಿಲ್ಲೇನು?’ ಅಂದ್ರು.”

ನನಗೆ ಅರ್ಥವಾಗಲಿಲ್ಲ. ಅಥವಾ ಆಯಿತು, ಆಗಬಾರದು ಎನಿಸಿತು.

“ಬಟ್ಟಿ ಅಂಗಡಿಯವ ನಿಮಗ ಬೈದ್ನಂತಲ್ರಿ, ಬೋಣಿ ಆಗಿಲ್ಲ ಅಂತ. ಅವತ್ತ ಸಂಜಿಗೆ ಇವ್ರು ಅವನ ಅಂಗಡಿಗೆ ಹೋಗಿ ಪಂದ್ಯ ಕಟ್ಟಿ ಬಂದ್ರು. ‘ನಾಳಿಯಿಂದ ಚಪ್ಪಲಿ ಮೆಟ್ಟಿ ಮೊದಲ ಅವ್ರ ಮುಖಾನ ನೋಡ್ತೀನಿ, ದಿನಾ ಬರದಿಡ್ತೀನಿ. ಯಾರಿಗೆ ಏನ್ ಆಕ್ಕೈತಿ ಅಂತ ಪುಸ್ತಕ ತೆಗದು ನಿನ್ನ ಮುಂದ ಒಗೀತೀನಿ’ ಅಂತ. ಕೊಡಿ ಹಿಡಿಯೋಕ, ನಿಮ್ಮನ್ನ ತಾರೀಖು ಕೇಳೋಕ ಶುರು ಮಾಡಿದ್ದು ಆವಾಗ್ಲೇ.”

ಆಕೆ ಹೋದ ಮೇಲೆ ಆಫೀಸಿನ ಬಾಗಿಲು ಹಾಕಿಕೊಂಡು ಮೊದಲು ಆ ನಾಲ್ಕು ದಿನಗಳ ಪುಸ್ತಕ ತೆಗೆದೆ. ಹಣಕಾಸು ಅಧಿಕಾರಿಯ ಹೆಸರಿದ್ದ ನಾಲ್ಕು ಪುಟ. ಅದರ ಹಿಂದಿನ ದಿನ, ಚೌಕದಲ್ಲಿ ‘ಮೇಡಂ’. ಅದರ ಹಿಂದಿನ ದಿನವೂ ‘ಮೇಡಂ’. ನಾಲ್ಕು ದಿನ ಕಳೆದ ಮೇಲೆ ಮತ್ತೆ ‘ಮೇಡಂ’. ಆ ನಾಲ್ಕು ದಿನ ನಾನು ಕಂಪ್ಲಿಯಲ್ಲಿದ್ದೆ, ಅಣ್ಣನ ಮಗಳ ಮದುವೆಗೆ. ಮಂಡಳಿಯ ಪತ್ರ ವರ್ಷದ ಮೇಲೆ ಬಂದದ್ದರಿಂದ ನನ್ನ ತಲೆಗೆ ಅದು ಹೊಳೆದೇ ಇರಲಿಲ್ಲ. ಇನ್ನೊಬ್ಬಳ ಸಂಸಾರ ಎಂದೆಲ್ಲ ಅಂದುಕೊಂಡ ನನ್ನ ಬುದ್ಧಿಗೆ ಏನು ಹೇಳಲಿ! ನಾಚಿಕೆಯಾಯಿತು. ಅವರ ಮೇಲೆ ಮತ್ತೆ ಕೋಪವೂ ಬಂತು. ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ಊರು ಏನಂದರೂ ಅನ್ನಲಿ, ಕೊಡಿ ಎನ್ನುತ್ತಿದ್ದೆ. ಅದು ಗೊತ್ತಿದ್ದದ್ದಕ್ಕೇ ಕೇಳಲಿಲ್ಲ.

ಹನ್ನೊಂದು ವರ್ಷದ ಪುಸ್ತಕಗಳನ್ನು ಮೂರು ದಿನ ಕೂತು ನೋಡಿದೆ. ಲಾಭ ಎಂದಿದ್ದ ಪುಟಗಳ ಚೌಕದಲ್ಲಿ ‘ಮೇಡಂ’. ಅಂಗಡಿ ಮುಚ್ಚಿದ ಮೇಲಿನ ಪುಟಗಳಲ್ಲಿ ಶೇರಿನ ಸಾಲು ಖಾಲಿ, ಚೌಕದಲ್ಲಿ ಮಾತ್ರ ‘ಮೇಡಂ’. ಲುಕ್ಸಾನಿನ ದಿನಗಳೂ ಬೇಕಾದಷ್ಟಿದ್ದವು. ಪೇಟೆಯೇ ಕುಸಿದ ವಾರಗಳಲ್ಲಿ ಪುಟದ ಮೇಲೆ ಪುಟ ಲುಕ್ಸಾನು. ಆ ಪುಟಗಳ ಚೌಕದಲ್ಲಿ ನನ್ನ ಹೆಸರು ಇರಲಿಲ್ಲ. ಅಂದರೆ, ಇತ್ತು. ಅದರ ಮೇಲೆ ಒಂದೇ ಗೆರೆಯ ಕಾಟು ಹಾಕಿ, ಮಗ್ಗುಲಲ್ಲಿ ‘ಕನ್ನಡಿ’ ಎಂದು ಬರೆದಿದ್ದರು. ಆ ದಿನಗಳ ನಷ್ಟವನ್ನೆಲ್ಲ ತಮ್ಮದೇ ಮುಖಕ್ಕೆ ಹಚ್ಚಿಕೊಂಡಿದ್ದರು.

ಕಸುಬಿನ ಮಾತು ಹೇಳುವುದಾದರೆ, ಇದು ಸಾಕ್ಷ್ಯವನ್ನು ತಿದ್ದಿದ್ದು. ಬೇಕಾದ ದಿನಗಳನ್ನು ಇಟ್ಟುಕೊಂಡು ಬೇಡದ ದಿನಗಳಿಗೆ ಕಾಟು ಹಾಕಿದ ಪುಸ್ತಕವನ್ನು ಯಾವ ಅಧಿಕಾರಿಯೂ ಒಪ್ಪುವುದಿಲ್ಲ. ಬಟ್ಟೆ ಅಂಗಡಿಯವರ ಮುಂದೆ ಎಸೆದು ಪಂದ್ಯ ಗೆಲ್ಲುವುದಕ್ಕೂ ಬರುವುದಿಲ್ಲ. ಇಷ್ಟು ವರ್ಷ ನನ್ನಿಂದ ಬೈಸಿಕೊಂಡು ಈ ಮನುಷ್ಯ ಕಲಿತದ್ದೇನು ಎಂದು ರೇಗುತ್ತ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದೆ. ಪ್ರತಿಯೊಂದು ಕಾಟಿನ ಪಕ್ಕದಲ್ಲೂ ಪುಟ್ಟ ಸಹಿ ಇತ್ತು, ಸಹಿಯ ಕೆಳಗೆ ತಾರೀಖು. ಒಂದು ತಾರೀಖೂ ತಪ್ಪಿರಲಿಲ್ಲ. ದಿನಾ ಬೆಳಿಗ್ಗೆ ಹೇಳಿದವಳು ನಾನೇ ಅಲ್ಲವೇ.